ಧನುರ್ಮಾಸದ ಶನಿವಾರ: ಯಾರ ಮನೆಯಲ್ಲಿ ಏನು ಸುದ್ದಿ, ನಾಳೆಗೇನು ಯೋಜನೆ?

ಗಾಂಧಿಬಜಾರಿನ ರಾಯರು (ಬೆಂಗಳೂರು), ಬೆಳಗ್ಗೆ 6:35

ಎಲ್ಲರಿಗೂ ನಮಸ್ಕಾರ. ಧನುರ್ಮಾಸದ ಪೂಜೆ ನೋಡಿಕೊಂಡು, ದೊನ್ನೆಯಲ್ಲಿ ಕೊಟ್ಟ ಬಿಸಿ ಹುಗ್ಗಿ ತಿಂದು ಈಗ ತಾನೇ ಮನೆಗೆ ಬಂದೆ. ಮೆಣಸು ಧಾರಾಳವಾಗಿ ಬಿದ್ದಿತ್ತು, ತುಪ್ಪ ಮಾತ್ರ ಲೆಕ್ಕದ್ದು. ಹೊರಗೆ ಎದುರುಮನೆಯ ಗೇಟು ಕಾಣದಷ್ಟು ಮಂಜು. ದೆಹಲಿಯಿಂದ ಮಗಳು ಮತ್ತು ಮೊಮ್ಮಗ ಬರುತ್ತಿದ್ದಾರೆ, ಏಳೂವರೆಗೆ ವಿಮಾನ ಇಳಿಯಬೇಕು. ಸಂಕ್ರಾಂತಿ ಮುಗಿಯುವವರೆಗೂ ಇಲ್ಲೇ ಇರುತ್ತಾರೆ.

ಅದರ ಸಂಭ್ರಮ ಶುರುವಾಗಿರುವುದು ನನ್ನ ಬೆರಳುಗಳಲ್ಲಿ. ಮನೆಯಾಕೆ ನಿನ್ನೆ ಸಂಜೆಯೇ ಅವರೆಕಾಯಿ ತರಿಸಿ, ಹಳೆಯ ಸೀರೆ ಹಾಸಿ ನನ್ನ ಮುಂದೆ ಸುರಿದಿದ್ದಾಳೆ. ಅವರು ಮನೆಗೆ ಬರುವಷ್ಟರಲ್ಲಿ ಬಿಡಿಸಿ ಮುಗಿಸಬೇಕಂತೆ. ನಿವೃತ್ತನಾದವನಿಗೆ ವಾರಾಂತ್ಯ ಬೇರೆ, ವಾರದ ದಿನ ಬೇರೆ ಎಂದು ಯಾರು ಹೇಳಿದರೋ. ನಿಮ್ಮ ನಿಮ್ಮ ಕಡೆ ಏನು ವಿಶೇಷ? ಚಳಿ ಹೇಗಿದೆ?

ತೋಟದ ಹೆಗಡೆ (ಶಿರಸಿ), ಬೆಳಗ್ಗೆ 6:48

ರಾಯರೇ, ನಮಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಶನಿವಾರ, ಭಾನುವಾರ ಎಂಬುದೇ ಇಲ್ಲ. ಅಡಿಕೆ ಗೊನೆ ಇಳಿಸುವ ಕೊನೆ ಕೊಯ್ಲು ನಡೆದಿದೆ. ಇಂದು ಮರ ಹತ್ತಿ ಕೊಯ್ಯುವ ಕೊನೆಗೌಡ ಏಳಕ್ಕೆ ಬರುತ್ತೇನೆ ಎಂದಿದ್ದಾನೆ. ಬಂದರೆ ಬಂದ, ಇಲ್ಲದಿದ್ದರೆ ಇಡೀ ದಿನ ಅವನ ಮೊಬೈಲಿಗೆ ಕರೆ ಮಾಡುತ್ತಾ ಕೂರುವುದು. ಊರಿನಲ್ಲಿ ಮರ ಹತ್ತುವವರು ಕೈಬೆರಳೆಣಿಕೆಯಷ್ಟು. ಒಬ್ಬನಿಗಾಗಿ ಹತ್ತು ತೋಟದವರು ಸರದಿಯಲ್ಲಿ ಕಾಯುತ್ತೇವೆ. ಕೆಳಗೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ ನಿಜ. ಪಕ್ಕದ ಮನೆಯವರು ತಂದಿದ್ದಾರೆ. ಹಗುರವಾಗಿದೆ. ಆದರೆ ಕತ್ತು ಮೇಲೆತ್ತಿ ನಾಲ್ಕು ತಾಸು ಕೆಲಸ ಮಾಡಿದವನಿಗೆ ರಾತ್ರಿ ದಿಂಬು ಬೇಡ, ಎಣ್ಣೆ ತಿಕ್ಕುವವರು ಬೇಕು.

ರಾತ್ರಿ ಅಡಿಕೆ ಸುಲಿಯಲು ಜನ ಸೇರುತ್ತಾರೆ. ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕುಳಿತರೆ ಊರಿನ ಸುದ್ದಿಯೆಲ್ಲ ಸಿಪ್ಪೆಯ ಜೊತೆಗೆ ಬಿಚ್ಚಿಕೊಳ್ಳುತ್ತದೆ. ನಿನ್ನೆ ಹನ್ನೊಂದರವರೆಗೆ ಸುಲಿದು, ಇಂದು ನಸುಕಿನಲ್ಲಿ ಹಂಡೆಗೆ ಬೆಂಕಿ ಹಾಕಿದ್ದೇವೆ. ನೀರಿಗೆ, ಹಿಂದೆ ಅಡಿಕೆ ಬೇಯಿಸಿ ಉಳಿದ ಚೊಗರು ಬೆರೆಸಿ ಬೇಯಿಸಿದರೆ ಕೆಂಪಡಿಕೆಗೆ ಬಣ್ಣ, ಹೊಳಪು. ಇದನ್ನು ಬರೆಯುತ್ತಿರುವುದು ಆ ಹಂಡೆಯ ಮುಂದೆ ಕುಳಿತೇ. ಆದ್ದರಿಂದ ಚಳಿಯ ಬಗ್ಗೆ ನನ್ನನ್ನು ಕೇಳಬೇಡಿ. ಮುಂದೆ ಬಿಸಿ, ಬೆನ್ನಿಗೆ ಚಳಿ.

ಕಲಬುರಗಿ ಅಕ್ಕ, ಬೆಳಗ್ಗೆ 6:55

ಶರಣು ಎಲ್ಲರಿಗೂ. ಶನಿವಾರ ನಮ್ಮ ಶಾಲೆ ಬೆಳಗಿನ ಪಾಳಿ, ಇನ್ನು ಅರ್ಧ ತಾಸಿನಲ್ಲಿ ಹೊರಡಬೇಕು. ಮಕ್ಕಳು ಕಿವಿಗೆ ಮಫ್ಲರ್ ಕಟ್ಟಿಕೊಂಡು ಬರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ತರಗತಿಯೊಳಗೆ ಕೂರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಮೊದಲ ಅವಧಿ ಅಂಗಳದ ಬಿಸಿಲಿನಲ್ಲೇ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಎಡೆಯ ಚರಗ ಚೆಲ್ಲಿ ಇನ್ನೂ ವಾರವಾಗಿಲ್ಲ. ಸಜ್ಜೆ ಕಡುಬು, ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ತವರಿನ ಹೊಲಕ್ಕೆ ಹೋಗಿದ್ದೆವು. ಭಜ್ಜಿ ತಿಳಿಯದವರಿಗೆ ಹೇಳುತ್ತೇನೆ. ಎಣ್ಣೆಯಲ್ಲಿ ಕರಿದದ್ದಲ್ಲ. ಆ ಹೊತ್ತಿಗೆ ಹೊಲದಲ್ಲಿ ಸಿಗುವ ಹಸಿ ಕಾಳು, ಸೊಪ್ಪು, ಬದನೆಕಾಯಿ, ಗಜ್ಜರಿ ಎಲ್ಲವನ್ನೂ ಕೂಡಿಸಿ ಬೇಯಿಸುವ ಪಲ್ಯ. ಸಜ್ಜೆ ರೊಟ್ಟಿಯ ಮೇಲೆ ಹಾಕಿಕೊಂಡು ಬದುವಿನ ಮೇಲೆ ಕುಳಿತೇ ತಿನ್ನಬೇಕು. ಅದನ್ನೇ ಮನೆಯ ಊಟದ ಮೇಜಿನ ಮೇಲಿಟ್ಟರೆ ರುಚಿ ಅರ್ಧ ಇಳಿಯುತ್ತದೆ.

ನಾಳೆ ಮತ್ತೆ ಹೊಲಕ್ಕೇ. ಜೋಳದ ತೆನೆ ಹಾಲುಗಾಳಾಗಿದೆ, ಸೀತನಿ ಸುಡುವ ಸಮಯ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿ ಇರುವಾಗಲೇ ಕಂಬಳಿಯ ಮೇಲೆ ತಿಕ್ಕಿ ಕಾಳು ಉದುರಿಸುತ್ತಾರೆ. ಶೇಂಗಾ ಚಟ್ನಿ ಜೊತೆಗಿರಬೇಕು. ಇದು ವಾರ ಹತ್ತು ದಿನಗಳ ಭಾಗ್ಯ ಅಷ್ಟೇ. ಆಮೇಲೆ ಕಾಳು ಬಲಿತರೆ ಸೀತನಿ ಇಲ್ಲ, ರೊಟ್ಟಿಯೇ ಗತಿ.

ಮೋಡ ನೋಡುವವ (ಮೈಸೂರು), ಬೆಳಗ್ಗೆ 7:05

ರಾಯರೇ, ಮಂಜಿನ ವಿಷಯ ಹೇಳಿದಿರಿ. ವಿಮಾನ ನಿಲ್ದಾಣವಿರುವ ದೇವನಹಳ್ಳಿಯ ಕಡೆ ಇನ್ನೂ ದಟ್ಟವಾಗಿರುತ್ತದೆ. ಆಕಾಶದಲ್ಲಿ ಮೋಡವಿಲ್ಲ, ಗಾಳಿ ಅಲುಗುತ್ತಿಲ್ಲ, ರಾತ್ರಿ ಉದ್ದ. ನೆಲ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯ ತೇವ ಅಲ್ಲೇ ಮಂಜಾಗುತ್ತದೆ. ಊರೊಳಗಿನ ಕಾಂಕ್ರೀಟು ರಾತ್ರಿಯೂ ಬಿಸಿ ಕಾರುತ್ತದೆ, ಹೊರವಲಯದ ಬಯಲಿನಲ್ಲಿ ಆ ತಡೆ ಇಲ್ಲ. ಬಿಸಿಲು ಏರಿ ನೆಲ ಕಾಯುವವರೆಗೂ ಅದು ಕರಗುವುದಿಲ್ಲ. ಏಳೂವರೆಯ ವಿಮಾನ ಎಂದರೆ ಹತ್ತಕ್ಕೆ ಸಿದ್ಧರಾಗಿರಿ.

ಇನ್ನೊಂದು ಮಾತು. ಡಿಸೆಂಬರ್ 21–22ಕ್ಕೆ ಅತಿ ಚಿಕ್ಕ ಹಗಲು ಮುಗಿಯಿತು, ಇನ್ನು ಬೇಗ ಬೆಳಗಾಗುತ್ತದೆ ಎಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಹಾಗಾಗುವುದಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಸೂರ್ಯೋದಯ ಜನವರಿ ಕೊನೆಯ ವಾರದವರೆಗೂ ತಡವಾಗುತ್ತಲೇ ಹೋಗುತ್ತದೆ. ಹಗಲು ಬೆಳೆಯುವುದೆಲ್ಲ ಸಂಜೆಯ ಕಡೆಗೆ. ಬೆಳಗಿನ ವಾಕಿಂಗ್ ಗುಂಪಿನವರು ಇನ್ನೊಂದು ತಿಂಗಳು ಟಾರ್ಚ್ ಮನೆಯಲ್ಲಿ ಬಿಡಬೇಡಿ. ತಮಾಷೆಯೆಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದೂ ಇದೇ ವಾರ, ಜನವರಿ ಮೊದಲ ದಿನಗಳಲ್ಲಿ. ಸುಮಾರು 14.7 ಕೋಟಿ ಕಿಲೋಮೀಟರ್. ಆದರೂ ನಾವು ಸ್ವೆಟರ್ ಹಾಕಿಕೊಂಡಿದ್ದೇವೆ.

ಮಾಗಡಿ ಗೌಡ, ಬೆಳಗ್ಗೆ 7:15

ರಾಯರೇ, ಅವರೆಕಾಯಿ ಎಲ್ಲಿಯದು ಎಂದು ಕೇಳಿದಿರಾ? ಬಿಡಿಸುವಾಗ ಬೆರಳಿಗೆ ಜಿಡ್ಡು ಹತ್ತುತ್ತಿದೆಯೇ? ಮೂಸಿ ನೋಡಿ ಹೇಳಿ. ಜಿಡ್ಡು ಹತ್ತದಿದ್ದರೆ ಅದು ಹಣ ಕೊಟ್ಟು ತಂದ ಹಸಿರು ಸಿಪ್ಪೆ ಅಷ್ಟೇ.

ನಮ್ಮ ಹೊಲದಲ್ಲಿ ಇಂದು ಕೊಯ್ಲು. ಇಬ್ಬನಿ ಆರುವ ಮುಂಚೆ ಶುರು ಮಾಡುತ್ತೇವೆ. ಮನೆಯವರೆಲ್ಲ ತಲೆಗೆ ಟವೆಲ್ ಸುತ್ತಿಕೊಂಡು ಸಾಲಿನಲ್ಲಿ ನಿಂತಿದ್ದಾರೆ, ನಾನು ಟೀ ತರುವ ನೆಪದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಗಾಂಧಿಬಜಾರಿನ ರಾಯರು, ಬೆಳಗ್ಗೆ 7:20

ಗೌಡರೇ, ಜಿಡ್ಡು ಹತ್ತಿದೆ, ಮೊಬೈಲಿನ ಗಾಜಿಗೂ ಹತ್ತಿದೆ. ಘಮ ಅಷ್ಟಕ್ಕಷ್ಟೇ. ಇಷ್ಟರಲ್ಲಿ ಮೂರು ಹುಳು ಸಿಕ್ಕಿವೆ. ಹುಳು ಇದ್ದರೆ ಒಳ್ಳೆಯ ಕಾಯಿ ಎಂದು ಮನೆಯಾಕೆಯ ವಾದ. ವಾದ ಮಾಡುವವಳು ಅಡುಗೆಮನೆಯಲ್ಲಿದ್ದಾಳೆ, ಹುಳು ತೆಗೆಯುವವನು ಇಲ್ಲಿದ್ದೇನೆ.

ಹೊಸ ಅಡುಗೆಮನೆ (ಬೆಂಗಳೂರು), ಬೆಳಗ್ಗೆ 7:26

ಅಜ್ಜಿಯಂದಿರು, ಅಕ್ಕಂದಿರು ಯಾರಾದರೂ ಇದ್ದರೆ ಸ್ವಲ್ಪ ನೆರವಾಗಿ. ಮದುವೆಯಾದ ಮೇಲೆ ನನಗಿದು ಮೊದಲ ಸಂಕ್ರಾಂತಿ. ಅತ್ತೆಯವರು ಅಟ್ಟದಿಂದ ಮರದ ಸಕ್ಕರೆ ಅಚ್ಚುಗಳನ್ನು ಇಳಿಸಿ ಕೊಟ್ಟಿದ್ದಾರೆ. ಗಿಳಿ, ಆನೆ, ತುಳಸಿಕಟ್ಟೆ, ಮಂಟಪ ಎಲ್ಲ ಇವೆ. ಅವರಿಗೆ ಕೈನೋವು, ನನಗೆ ಹೇಳಿಕೊಡುತ್ತಾ ಕೂರುತ್ತಾರಂತೆ. ಹೇಳುವುದೆಲ್ಲ "ಪಾಕ ನೋಡಿದರೆ ಗೊತ್ತಾಗುತ್ತದೆ" ಎಂಬ ಧಾಟಿಯಲ್ಲಿ. ನೋಡಿದರೆ ನನಗೆ ಗೊತ್ತಾಗುವುದಿಲ್ಲ! ಇವತ್ತು, ನಾಳೆ ಎರಡು ದಿನ ರಜೆ ಇದೆ, ಈಗ ಮಾಡದಿದ್ದರೆ ಆಮೇಲೆ ಕಚೇರಿಯ ನಡುವೆ ಸಾಧ್ಯವಿಲ್ಲ. ನಾಳೆ ಮಧ್ಯಾಹ್ನ ಚಿತ್ರಸಂತೆಗೂ ಹೋಗಬೇಕು ಎಂದು ಇವರ ಹಟ. ಎಳ್ಳು ಬೀರಲು ಕೊಬ್ಬರಿ, ಬೆಲ್ಲ ಹೆಚ್ಚುವುದೂ ಬಾಕಿ ಇದೆ.

ಕರೆಯ ಬದಿ (ಮೂಡುಬಿದಿರೆ), ಬೆಳಗ್ಗೆ 7:31

ಚಳಿಯೇ? ನಮ್ಮಲ್ಲಿ ಚಳಿ ಎಂದರೆ ಫ್ಯಾನ್ ಐದರಿಂದ ಮೂರಕ್ಕೆ ಇಳಿಸುವುದು.

ಇಂದು ಪಕ್ಕದ ಊರಿನಲ್ಲಿ ಕಂಬಳ. ಬೆಳಗ್ಗೆ ಶುರುವಾದರೆ ನಾಳೆಯವರೆಗೆ ಹಗಲು ರಾತ್ರಿ ಒಂದೇ. ನಮ್ಮ ಮಾವನ ಮನೆಯ ಕೋಣಗಳು ನೇಗಿಲು ಕಿರಿಯ ವಿಭಾಗದಲ್ಲಿ ಓಡುತ್ತವೆ. ಎರಡು ತಿಂಗಳಿಂದ ಆ ಕೋಣಗಳಿಗೆ ನಡೆದಿರುವ ಉಪಚಾರ ಅಳಿಯನಾದ ನನಗೆ ಒಂದು ದಿನವೂ ನಡೆದಿಲ್ಲ. ಬೇಯಿಸಿದ ಹುರುಳಿ, ಮೈಗೆ ಎಣ್ಣೆ, ಕೆರೆಯಲ್ಲಿ ಈಜು, ಮಲಗುವಲ್ಲಿ ಫ್ಯಾನ್.

ಎಲ್ಲರೂ ಓಟದ ವೇಗವನ್ನೇ ಮಾತಾಡುತ್ತಾರೆ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿಸಿದ ಮೇಲಂತೂ ದೇಶದಲ್ಲೆಲ್ಲ ಅದೇ ಮಾತು. ನನ್ನನ್ನು ಕೇಳಿದರೆ ನೋಡಬೇಕಾದದ್ದು ಕೆನೆ ಹಲಗೆ. ಓಡಿಸುವವನು ಹಲಗೆಯ ಮೇಲೆ ಒಂದೇ ಕಾಲೂರಿ ನಿಲ್ಲುತ್ತಾನೆ. ಹಲಗೆಯಲ್ಲಿರುವ ತೂತುಗಳಿಂದ ಕೆಸರುನೀರು ಚಿಮ್ಮುತ್ತದೆ. ಮೇಲೆ ಅಡ್ಡ ಕಟ್ಟಿದ ನಿಶಾನೆಯ ಬಟ್ಟೆಗೆ ಆ ನೀರು ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಲೆಕ್ಕ. ಅಲ್ಲಿ ಗೆಲ್ಲುವುದು ಬರೀ ಓಟದಿಂದಲ್ಲ, ಕಾಲಿನ ಒತ್ತಡದ ಅಂದಾಜಿನಿಂದ. ಫ್ಲಡ್‌ಲೈಟಿನಲ್ಲಿ ಆ ನೀರು ಮೇಲೇಳುವುದನ್ನು ಒಮ್ಮೆ ಬಂದು ನೋಡಿ.

ಷಿಕಾಗೋ ಸೊಸೆ, ಬೆಳಗ್ಗೆ 7:45 (ಇಲ್ಲಿ ಇನ್ನೂ ಶುಕ್ರವಾರ ರಾತ್ರಿ)

ನಿಮ್ಮ ಶನಿವಾರ ಶುರುವಾಗಿದೆ, ನನ್ನ ಶುಕ್ರವಾರ ಮುಗಿದಿಲ್ಲ. ಹೊರಗೆ ಮೈನಸ್ ಹತ್ತು. ನೀವೆಲ್ಲ ಚಳಿ ಚಳಿ ಎನ್ನುವುದನ್ನು ಓದಿದರೆ ಹೊಟ್ಟೆಕಿಚ್ಚಾಗುತ್ತದೆ. ನಾಳೆ ಬೆಳಗ್ಗೆ ಎದ್ದು ಮೊದಲ ಕೆಲಸ ಮನೆ ಮುಂದಿನ ಹಿಮ ಬಾಚುವುದು, ಅದಾದ ಮೇಲೆ ಮಗನನ್ನು ಈಜಿಗೆ ಕರೆದುಕೊಂಡು ಹೋಗುವುದು. ಈ ಚಳಿಯಲ್ಲಿ ಈಜು ಎಂದು ಬೈಯಬೇಡಿ, ಒಳಗಿನ ಬಿಸಿನೀರಿನ ಕೊಳ.

ನಮ್ಮ ಕನ್ನಡ ಕೂಟದ ಸಂಕ್ರಾಂತಿ ನಡೆಯುವುದು ಹಬ್ಬ ಕಳೆದ ಮೇಲಿನ ವಾರಾಂತ್ಯದಲ್ಲಿ. ಪಂಚಾಂಗಕ್ಕಿಂತ ಸಭಾಂಗಣ ಸಿಗುವ ದಿನ ಮುಖ್ಯ. ಎಳ್ಳು ಬೆರೆಸುವ ಪಾಳಿ ಈ ಬಾರಿ ನನ್ನದು, ಇನ್ನೂರು ಪೊಟ್ಟಣ. ಅವರೆಕಾಯಿಯ ಘಮ ಎಂಬ ಮಾತನ್ನು ಮಾತ್ರ ದಯವಿಟ್ಟು ಎತ್ತಬೇಡಿ. ನಮಗೆ ಸಿಗುವುದು ಭಾರತೀಯ ಅಂಗಡಿಯ ಫ್ರೀಜರಿನಲ್ಲಿ ಕಲ್ಲಾಗಿರುವ ಹಿತಕಿದ ಬೇಳೆ. ಅದನ್ನೂ ಹುಣ್ಣಿಮೆ, ಅಮಾವಾಸ್ಯೆ ನೋಡಿ ತರುತ್ತಾರೋ ಏನೋ.

ಅಗ್ರಹಾರದ ಅಜ್ಜಿ (ಮೈಸೂರು), ಬೆಳಗ್ಗೆ 8:02

ಹೊಸ ಅಡುಗೆಮನೆಯ ಮಗುವೇ, ಅತ್ತೆಯನ್ನು ಬೈಯಬೇಡ, ಅವರು ಹೇಳಿದ್ದು ನಿಜ. ಆದರೆ ಏನನ್ನು ನೋಡಬೇಕು ಎಂದು ನಾನು ಹೇಳುತ್ತೇನೆ, ಕೇಳು.

ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಬೇಕು. ಒಣ ಮರ ಪಾಕವನ್ನು ಹಿಡಿದುಕೊಂಡುಬಿಡುತ್ತದೆ, ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತದೆ. ಆದ್ದರಿಂದ ಇವತ್ತು ಮಾಡುವ ಆಸೆ ಬಿಡು. ಅಚ್ಚು ನೆನೆಹಾಕು, ಸಕ್ಕರೆಯ ಕೊಳೆ ತೆಗೆದಿಡು. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಕುದಿ ಬಂದಾಗ ಅರ್ಧ ಲೋಟ ಹಾಲು ಬಿಡು. ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸು. ಇಷ್ಟು ಇವತ್ತಿನ ಕೆಲಸ.

ನಾಳೆ ಅಚ್ಚು ಒರೆಸಿ, ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ, ಬಾಯಿ ಮೇಲಾಗಿ ಸಾಲಾಗಿ ನಿಲ್ಲಿಸು. ಪಾಕವನ್ನು ಒಟ್ಟಿಗೆ ಕಾಯಿಸಬೇಡ. ಸಣ್ಣ ಪಾತ್ರೆಯಲ್ಲಿ ಎರಡೇ ಸೌಟು ಹಾಕು. ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ ಒಡೆಯತೊಡಗಿದಾಗ ಒಲೆಯಿಂದ ಇಳಿಸು. ಈಗ ಸೌಟಿನ ಬೆನ್ನಿನಿಂದ ಪಾತ್ರೆಯ ಒಳಬದಿಗೆ ಉಜ್ಜುತ್ತಾ ತಿರುಗಿಸು. ಕಣ್ಣು ಅಲ್ಲೇ ಇರಲಿ. ನೀರಿನಂತಿದ್ದ ಪಾಕದ ಅಂಚು ಬೆಳ್ಳಗಾಗುತ್ತದೆ, ಸೌಟಿಗೆ ಸಣ್ಣಗೆ ಮರಳು ತಾಗಿದ ಹಾಗಾಗುತ್ತದೆ. ಆ ಕ್ಷಣಕ್ಕೆ ಸುರಿ. ಮೊದಲೇ ಸುರಿದರೆ ಅಂಟಂಟಾಗಿ ಅಚ್ಚು ಬಿಡುವುದಿಲ್ಲ, "ಒಂದು ನಿಮಿಷ, ಫೋನ್ ಬಂತು" ಎಂದರೆ ಪಾತ್ರೆಯೇ ಅಚ್ಚಾಗುತ್ತದೆ. ಗಟ್ಟಿಯಾದದ್ದಕ್ಕೆ ಒಂದು ಚಮಚ ನೀರು ಹಾಕಿ ಮತ್ತೆ ಕಾಯಿಸಿದರೆ ಸರಿಹೋಗುತ್ತದೆ, ಅಳಬೇಡ.

ಹತ್ತು ನಿಮಿಷಕ್ಕೆ ಬಿಚ್ಚಿ ಮೆಲ್ಲಗೆ ತಟ್ಟು. ಮೊದಲ ಸುತ್ತಿನ ಆನೆಗಳಿಗೆ ಸೊಂಡಿಲು ಇರುವುದಿಲ್ಲ. ಅವು ಕಾಫಿಗೆ. ಸಕ್ಕರೆಗೆ ಬಣ್ಣ ಹಾಕುತ್ತಾರೆ ಈಗಿನವರು, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮತ್ತೆ, ಮೊದಲ ವರ್ಷ ಎಂದೆಯಲ್ಲ, ಬಾಳೆಹಣ್ಣು ಬೀರುವುದುಂಟೇ ನಿಮ್ಮಲ್ಲಿ? ಅತ್ತೆಯನ್ನು ಕೇಳು, ಮದುವೆಯಾದ ಮೊದಲ ಐದು ವರ್ಷದ ಲೆಕ್ಕ ಅದು.

ಮೆಲ್ಬರ್ನ್ ಮಾವ, ಬೆಳಗ್ಗೆ 8:11

ಇಲ್ಲಿ ಮಧ್ಯಾಹ್ನ ಒಂದೂ ಮುಕ್ಕಾಲು, 35 ಡಿಗ್ರಿ. ಮಕ್ಕಳಿಗೆ ಬೇಸಿಗೆ ರಜೆ. ಸಂಜೆ ಸಮುದ್ರದ ದಂಡೆಗೆ ಹೋಗುವ ಯೋಜನೆ, ಅಷ್ಟೇ ಸುದ್ದಿ.

ಗೌಡರನ್ನು ಒಂದು ಕೇಳಬೇಕು. ಹಿತ್ತಲಲ್ಲಿ ಅವರೆ ಬಳ್ಳಿ ಹಾಕಿದ್ದೇನೆ. ಇಲ್ಲಿಯ ಒಬ್ಬ ಕನ್ನಡಿಗರೇ ಕೊಟ್ಟ ಬೀಜ, ಊರ ಕಡೆಯ ತಳಿಯಂತೆ. ಬಳ್ಳಿ ಬೇಲಿ ಹತ್ತಿ, ಪಕ್ಕದ ಮನೆಯವರ ಬೇಲಿಯನ್ನೂ ಹತ್ತಿದೆ. ಎಲೆ ನೋಡಿದರೆ ಕಣ್ಣು ತುಂಬುತ್ತದೆ. ಒಂದೇ ಒಂದು ಹೂವಿಲ್ಲ. ಗೊಬ್ಬರ ಹೆಚ್ಚಾಯಿತೇ, ನೀರು ಹೆಚ್ಚಾಯಿತೇ?

ಮಾಗಡಿ ಗೌಡ, ಬೆಳಗ್ಗೆ 8:24

ಮಾವನವರೇ, ಗೊಬ್ಬರವೂ ಅಲ್ಲ, ನೀರೂ ಅಲ್ಲ. ನಿಮ್ಮ ಹಗಲು ಉದ್ದ. ನಾಡು ಅವರೆ ಹಗಲನ್ನು ಅಳೆಯುವ ಗಿಡ. ಹಗಲು ಚಿಕ್ಕದಾಗುತ್ತಾ ಬಂದರೆ ಮಾತ್ರ ಹೂ ಬಿಡುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ರಾಗಿಯ ಸಾಲಿನ ನಡುವೆ ಬಿತ್ತುತ್ತೇವೆ. ರಾಗಿ ಕೊಯ್ಲಾಗುವ ಹೊತ್ತಿಗೆ ಅವರೆ ಹೂವಾಗಿ, ಚಳಿಗೆ ಕಾಯಾಗುತ್ತದೆ. ನಿಮಗೆ ಈಗ ಹದಿನಾಲ್ಕು ಗಂಟೆಗೂ ಮೇಲೆ ಬೆಳಕಿರಬೇಕು, ಬಳ್ಳಿ ಹೂ ಬಿಡುವ ಯೋಚನೆಯನ್ನೇ ಮಾಡುವುದಿಲ್ಲ. ಮಾರ್ಚ್ ಬರಲಿ, ಮೊಗ್ಗು ಕಾಣುತ್ತದೆ. ಅಷ್ಟರಲ್ಲಿ ನಿಮ್ಮ ಚಳಿ ಬಂದು ಕಾಯಿ ಬಲಿಯಲು ಬಿಟ್ಟರೆ ನಿಮ್ಮ ಅದೃಷ್ಟ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4 ಎಂಬ ತಳಿಗಳನ್ನು ಮಾಡಿದ್ದಾರೆ. ಅವಕ್ಕೆ ಹಗಲಿನ ಹಂಗಿಲ್ಲ, ವರ್ಷದಲ್ಲಿ ಯಾವಾಗ ಬಿತ್ತಿದರೂ ಕಾಯಿ. ಬೇಸಿಗೆಯಲ್ಲೂ ನಿಮಗೆ ಮಾರುಕಟ್ಟೆಯಲ್ಲಿ ಅವರೆ ಸಿಗುವುದು ಆ ಪುಣ್ಯದಿಂದ. ನಾನೂ ಒಂದು ತುಂಡು ಹೊಲದಲ್ಲಿ ಅದನ್ನೇ ಬೆಳೆಯುತ್ತೇನೆ, ಹೊಟ್ಟೆಪಾಡಿಗೆ ಬೇಕು. ಆದರೆ ಚಳಿಯಲ್ಲಿ ಇಬ್ಬನಿ ಕುಡಿದ ನಾಡು ಅವರೆಯ ಸೊಗಡು ಅದಕ್ಕಿಲ್ಲ. ಸಿಪ್ಪೆಯ ಮೇಲಿನ ಆ ಎಣ್ಣೆಯಲ್ಲೇ ಘಮವೆಲ್ಲ ಇರುವುದು. ರಾಯರಿಗೆ ಸಿಕ್ಕಿರುವುದು ಯಾವುದು ಎಂದು ನಾನು ಹೇಳಬೇಕಾಗಿಲ್ಲ.

ಮಲ್ಲೇಶ್ವರದ ಮೂಗು, ಬೆಳಗ್ಗೆ 8:31

ಗೌಡರೇ, ಮನ್ನಿಸಿ. ಪ್ರತಿ ಚಳಿಗಾಲ ಈ ಸೊಗಡಿನ ಭಜನೆ ಕೇಳಿ ಸಾಕಾಗಿದೆ. ಸಾರಿಗೆ ಇಂಗು, ಕೊಬ್ಬರಿ, ಗಸಗಸೆ, ಲವಂಗ ಎಲ್ಲ ರುಬ್ಬಿ ಹಾಕಿದ ಮೇಲೆ ಯಾವ ತಳಿ ಎಂದು ಯಾವ ನಾಲಿಗೆಗೆ ತಿಳಿಯುತ್ತದೆ? ಅವರೆಮೇಳಕ್ಕೆ ಹೋಗಿ ನೋಡಿ. ವಿ.ವಿ. ಪುರದ ತಿಂಡಿಬೀದಿಯಲ್ಲಿ ಇದ್ದದ್ದು ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದಿದೆ, ಜಾಗ ದೊಡ್ಡದಾಗಿದೆ, ತಿನಿಸಿನ ಪಟ್ಟಿಯೂ ದೊಡ್ಡದಾಗಿದೆ. ಅವರೆ ಜಾಮೂನು, ಅವರೆ ಜಿಲೇಬಿ, ಅವರೆ ಐಸ್‌ಕ್ರೀಂ. ಅದರಲ್ಲಿ ಸೊಗಡು ಹುಡುಕುವವರಿಗೆ ನನ್ನ ನಮಸ್ಕಾರ.

ಹಾಗೆಂದು ನಾನು ಹೋಗುವುದಿಲ್ಲ ಎಂದಲ್ಲ. ಇಂದು ಸಂಜೆ ಹೋಗುತ್ತಿದ್ದೇನೆ, ಅವರೆಕಾಳಿನ ದೋಸೆಗೆ.

ಗಾಂಧಿಬಜಾರಿನ ರಾಯರು, ಬೆಳಗ್ಗೆ 8:42

ವಿಮಾನ ಇಲ್ಲಿ ಇಳಿಯಲಿಲ್ಲ. ಅರ್ಧ ಗಂಟೆ ಮೇಲೆ ಸುತ್ತಿಸಿ ಚೆನ್ನೈಗೆ ತಿರುಗಿಸಿದ್ದಾರೆ. ಮಗಳ ಸಂದೇಶ ಈಗ ಬಂತು. ವಿಮಾನದೊಳಗೇ ಕೂರಿಸಿದ್ದಾರಂತೆ, ಇಂಧನ ತುಂಬಿಸಿ ಮತ್ತೆ ಹೊರಡುತ್ತದೆ. ಮೊಮ್ಮಗನಿಗೆ ಖುಷಿಯೋ ಖುಷಿ, ಒಂದು ಟಿಕೆಟಿನಲ್ಲಿ ಎರಡು ಊರು. ಮನೆಯಾಕೆ ಉಪ್ಪಿಟ್ಟಿಗೆ ಹಾಕಿದ್ದ ಒಗ್ಗರಣೆಯನ್ನು ಹಾಗೇ ಇಳಿಸಿದ್ದಾಳೆ.

ಮೂಗಿನವರೇ, ಸಾರಿನಲ್ಲಿ ತಿಳಿಯದಿರಬಹುದು. ಬರೀ ಉಪ್ಪು ಹಾಕಿ ಬೇಯಿಸಿದ ಕಾಳನ್ನು ತಿಂದು ಹೇಳಿ.

ಮೋಡ ನೋಡುವವ, ಬೆಳಗ್ಗೆ 8:50

ಚೆನ್ನೈ ಕರಾವಳಿ, ಸಮುದ್ರದ ಗಾಳಿ ಮಂಜನ್ನು ಕೂರಲು ಬಿಡುವುದು ಕಡಿಮೆ. ಒಂಬತ್ತೂವರೆಗೆ ದೇವನಹಳ್ಳಿ ತಿಳಿಯಾಗಬೇಕು ರಾಯರೇ, ಉಪ್ಪಿಟ್ಟು ಹತ್ತೂವರೆಗೆ ಹಾಕಿಸಿ.

"ಈಗೆಲ್ಲಿಯ ಚಳಿ, ನಮ್ಮ ಕಾಲದಲ್ಲಿತ್ತು" ಎಂದು ಇನ್ನೂ ಯಾರೂ ಹೇಳಿಲ್ಲ, ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಬೆಂಗಳೂರಿನ ದಾಖಲೆ 7.8 ಡಿಗ್ರಿ, 1884ರ ಜನವರಿ 13ರಂದು. ಅದು ಯಾರ ಕಾಲವೂ ಅಲ್ಲ.

ನನ್ನ ನಾಳೆಯ ಯೋಜನೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ. ಪಟ್ಟೆತಲೆ ಹೆಬ್ಬಾತುಗಳು ಬಂದಿವೆ ಎಂದು ಗೆಳೆಯರು ಹೇಳಿದರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು. ಹಗಲೆಲ್ಲ ನೀರಿನಲ್ಲಿ ತೂಕಡಿಸಿ, ಸಂಜೆ ಸುತ್ತಲಿನ ಗದ್ದೆ ಹೊಲಗಳಿಗೆ ಮೇಯಲು ಹೋಗುತ್ತವೆ. ರೈತರಿಗೆ ಅವು ಅತಿಥಿಗಳೋ ಕಳ್ಳರೋ ಎಂಬುದು ಬೇರೆ ಮಾತು. ಗದಗದ ಕಡೆಯವರು ಇದ್ದರೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. ಅಲ್ಲಿ ಇವುಗಳ ಹಿಂಡು ಇನ್ನೂ ದೊಡ್ಡದು. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಳಗ್ಗೆ ಏಳರೊಳಗೆ ಇರಬೇಕು, ಕೆಂಪು ಅಂಗಿ ಬೇಡ, ಮೊಬೈಲಿನಲ್ಲಿ ಹಾಡು ಬೇಡವೇ ಬೇಡ.

ತೋಟದ ಹೆಗಡೆ, ಬೆಳಗ್ಗೆ 9:05

ಮೋಡದವರೇ, ಹಕ್ಕಿ ಆಮೇಲೆ. ಪಶ್ಚಿಮಕ್ಕೆ ತೆಳುವಾಗಿ ಮೋಡ ಕಾಣುತ್ತಿದೆ. ನಾಲ್ಕು ಹಂಡೆ ಬೆಂದ ಅಡಿಕೆ ಅಟ್ಟದ ಮೇಲೆ ಹರಡಿದ್ದೇವೆ, ಅಂಗಳದಲ್ಲಿ ಸಿಪ್ಪೆ ಸಮೇತ ಒಣಗುವ ಚಾಲಿ ಬೇರೆ. ಒಂದು ಹನಿ ಬಿದ್ದರೂ ಬೂಸ್ಟು. ಮಳೆ ಉಂಟೇ ಇಲ್ಲವೇ, ಒಂದೇ ಮಾತಿನಲ್ಲಿ ಹೇಳಿ.

ಕೊನೆಗೌಡ ಬಂದ, ಎಂಟೂಮುಕ್ಕಾಲಕ್ಕೆ. ಮರದಿಂದ ಮರಕ್ಕೆ ಹಾರುವುದನ್ನು ನೋಡಿದ ಮೇಲೆ ತಡವಾಗಿ ಬಂದದ್ದಕ್ಕೆ ಬೈಯಲು ಮನಸ್ಸಾಗಲಿಲ್ಲ.

ಮೋಡ ನೋಡುವವ, ಬೆಳಗ್ಗೆ 9:09

ಇಲ್ಲ. ಎತ್ತರದ ಮೋಡ, ಬಿಸಿಲು ಸ್ವಲ್ಪ ಮಂಕಾಗುತ್ತದೆ ಅಷ್ಟೇ. ಆದರೂ ತಾಡಪತ್ರಿ ಕೈಗೆಟಕುವಲ್ಲಿರಲಿ, ನನ್ನ ಮಾತು ಕೇಳಿ ಅಡಿಕೆ ನೆನೆಯಿತು ಎಂದು ನಾಳೆ ಹೇಳಬೇಡಿ.

ಕಾಫಿ ಕಣ (ಮಡಿಕೇರಿ ಹತ್ತಿರ), ಬೆಳಗ್ಗೆ 9:20

ಹೆಗಡೆಯವರ ಭಯವೇ ನಮ್ಮದೂ. ಅರೇಬಿಕಾ ಕೊಯ್ಲು ಕೊನೆಯ ಸುತ್ತಿನಲ್ಲಿದೆ, ಕಣದ ತುಂಬ ಹರಡಿದ್ದೇವೆ, ರೋಬಸ್ಟಾ ಇನ್ನೇನು ಶುರು. ಈಗ ಮಳೆ ಬಂದರೆ ನಷ್ಟ ಎರಡು ಕಡೆಯಿಂದ. ಕಣದಲ್ಲಿರುವುದು ಕೊಳೆಯುತ್ತದೆ, ಗಿಡದಲ್ಲಿರುವ ಮೊಗ್ಗು ಅರಳಿಬಿಡುತ್ತದೆ. ಹಣ್ಣು ಕೀಳುವ ಮುಂಚೆ ಹೂ ಬಂದರೆ, ಕೀಳುವ ಕೈಗೆ ಮುಂದಿನ ವರ್ಷದ ಫಸಲೂ ಉದುರುತ್ತದೆ.

ಪೇಟೆಯಿಂದ ಗೆಳೆಯರು ವಾರಾಂತ್ಯಕ್ಕೆ ಬರುತ್ತೇವೆ, ತೋಟದಲ್ಲಿ ಬೆಂಕಿ ಹಾಕಿಕೊಂಡು ಕೂರೋಣ ಎಂದು ಫೋನ್ ಮಾಡುತ್ತಾರೆ. ಬರಲಿ. ಬೆಳಗ್ಗೆ ಬುಟ್ಟಿ ಕೊಡುತ್ತೇನೆ, ಸಂಜೆ ಬೆಂಕಿ. ಕಳೆದ ವರ್ಷ ಬಂದವರು ಮಧ್ಯಾಹ್ನದೊಳಗೇ ಸೊಂಟ ಹಿಡಿದುಕೊಂಡು ಕಿತ್ತಳೆ ಗಿಡದ ಕೆಳಗೆ ಕುಳಿತರು. ಕಿತ್ತಳೆ ಮಾತ್ರ ಚೆನ್ನಾಗಿ ಖಾಲಿ ಮಾಡಿದರು.

ಕರೆಯ ಬದಿ, ಬೆಳಗ್ಗೆ 9:48

ಮಾವನ ಕೋಣಗಳನ್ನು ಲಾರಿಯಿಂದ ಇಳಿಸಿದ್ದಾಯಿತು. ವಾದ್ಯ ಶುರುವಾಗಿದೆ. ಇನ್ನು ನಾಳೆಯವರೆಗೆ ನನ್ನನ್ನು ಹುಡುಕಬೇಡಿ. ಫಲಿತಾಂಶ ಒಳ್ಳೆಯದಾದರೆ ಬರೆಯುತ್ತೇನೆ, ಇಲ್ಲದಿದ್ದರೆ ಕೋಣಗಳಿಗೆ ದೃಷ್ಟಿಯಾಗಿತ್ತು ಎಂದು ನೀವೇ ತಿಳಿದುಕೊಳ್ಳಿ.

ಹೊಸ ಅಡುಗೆಮನೆ, ಬೆಳಗ್ಗೆ 10:15

ಅಜ್ಜೀ, ಕಾಲಿಗೆ ಬಿದ್ದೆ. ಅಚ್ಚುಗಳೆಲ್ಲ ಬಕೆಟ್ಟಿನಲ್ಲಿ ಮುಳುಗಿವೆ, ಮೇಲೆ ತೇಲದಂತೆ ಒರಳುಗುಂಡು ಇಟ್ಟಿದ್ದೇನೆ. ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. "ನಾನೂ ಅದನ್ನೇ ಹೇಳಿದ್ದು" ಎಂದರು. ಬಾಳೆಹಣ್ಣಿನ ಪಟ್ಟಿಯೂ ಸಿದ್ಧವಾಗಿದೆಯಂತೆ, ನನಗೆ ಹೇಳುವುದು ಬಾಕಿ ಇತ್ತು.

ಚಿತ್ರಸಂತೆಗೆ ನಾಳೆ ಯಾರಾದರೂ ಬರುತ್ತೀರಾ? ಕುಮಾರಕೃಪಾ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಮೆಟ್ರೋದಲ್ಲಿ ಬಂದು ನಡೆಯುವುದೇ ಸರಿ. ಚಿತ್ರಕಲಾ ಪರಿಷತ್ತಿನ ಒಳಗಿಗಿಂತ ಹೊರಗಿನ ಪಾದಚಾರಿ ಹಾದಿಯಲ್ಲಿ ಕೂರುವ ಹುಡುಗ ಹುಡುಗಿಯರ ಚಿತ್ರಗಳು ನನಗೆ ಇಷ್ಟ, ಬೆಲೆಯೂ ಕೈಗೆಟಕುತ್ತದೆ. ಹೋದ ವರ್ಷ ಇವರು ಎದುರು ಕುಳಿತು ತಮ್ಮ ಮುಖ ಬರೆಸಿಕೊಂಡರು. ಚಿತ್ರದಲ್ಲಿ ಮಾವನವರ ಹೋಲಿಕೆ ಹೆಚ್ಚು ಬಂದಿತ್ತು, ಈಗ ಅದು ಮಾವನವರ ಕೋಣೆಯಲ್ಲೇ ಇದೆ.

ಕಲಬುರಗಿ ಅಕ್ಕ, ಬೆಳಗ್ಗೆ 11:40

ಶಾಲೆ ಮುಗಿಯಿತು, ಬಂದು ಎಲ್ಲವನ್ನೂ ಓದಿದೆ. ಇಬ್ಬನಿಯ ಮಾತು ಬಂತಲ್ಲ, ನಮ್ಮಲ್ಲಿ ಇಬ್ಬನಿಯನ್ನು ಹಿಂಡಿಯೇ ಇಟ್ಟುಕೊಳ್ಳುತ್ತಾರೆ. ಕಡಲೆ ಹೊಲದ ಮೇಲೆ ರಾತ್ರಿ ತೆಳು ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿದರೆ ಕಡಲೆಯ ಹುಳಿ ಸಿಗುತ್ತದೆ. ಕಡಲೆ ಎಲೆಯ ಮೇಲೆ ಇರುವ ಹುಳಿಯೆಲ್ಲ ಮಂಜಿಗೆ ಇಳಿದಿರುತ್ತದೆ. ಸೀಸೆಯಲ್ಲಿ ತುಂಬಿಟ್ಟು ಹೊಟ್ಟೆನೋವಿಗೆ ಹನಿ ಹನಿ ಕೊಡುತ್ತಿದ್ದಳು ನಮ್ಮ ಅವ್ವ. ಹೊಟ್ಟೆನೋವಿಗಿಂತ ಆ ಹುಳಿಗೆ ಹೆದರಿ ನಾವು ಶಾಲೆಗೆ ಓಡುತ್ತಿದ್ದೆವು.

ತೊಗರಿ ರಾಶಿಯೂ ನಡೆದಿದೆ. ಅಣ್ಣ ಯಂತ್ರಕ್ಕಾಗಿ ಕಾಯುತ್ತಿದ್ದಾನೆ, ಇಂದು ಬರಬಹುದು, ನಾಳೆ ಬರಬಹುದು. ಸೀತನಿಗೆ ಬಂದವರನ್ನೆಲ್ಲ ರಾಶಿಗೆ ಹಚ್ಚುವ ಹುನ್ನಾರ ಅವನದು.

ಗಾಂಧಿಬಜಾರಿನ ರಾಯರು, ಮಧ್ಯಾಹ್ನ 12:50

ಬಂದರು. ಹನ್ನೊಂದಕ್ಕೆ ಇಳಿದು, ಹೆಬ್ಬಾಳದ ವಾಹನದಟ್ಟಣೆ ದಾಟಿ ಈಗ ಮನೆ ಸೇರಿದರು. ದೆಹಲಿಯಿಂದ ಚೆನ್ನೈಗೆ ಹೋಗಿ ಬರುವುದಕ್ಕೆ ಹಿಡಿದ ಹೊತ್ತಿಗೂ ವಿಮಾನ ನಿಲ್ದಾಣದಿಂದ ಬಸವನಗುಡಿಗೆ ಹಿಡಿದ ಹೊತ್ತಿಗೂ ಹೆಚ್ಚು ಅಂತರವಿಲ್ಲ ಎಂದು ಮಗಳ ದೂರು. ಮೊಮ್ಮಗ ಈಗ ನೆನೆಸಿದ ಕಾಳಿನ ಬೋಗುಣಿಯ ಮುಂದೆ ಕುಳಿತಿದ್ದಾನೆ. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮುತ್ತದೆ ಎಂದು ತೋರಿಸಿಕೊಟ್ಟೆ. ಅರ್ಧ ಬೇಳೆ ಪಾತ್ರೆಗೆ, ಅರ್ಧ ಸೋಫಾದ ಕೆಳಗೆ. ಮನೆಯಾಕೆ ನೋಡಿಯೂ ಸುಮ್ಮನಿದ್ದಾಳೆ. ನಾನು ಹಾಗೆ ಮಾಡಿದ್ದರೆ ಇಷ್ಟು ಹೊತ್ತಿಗೆ ಬೇರೆ ಕಥೆ.

ಗೌಡರೇ, ಇಷ್ಟು ಬೇಳೆ ಒಂದು ಹೊತ್ತಿಗೂ ಸಾಲುವುದಿಲ್ಲ. ನಾಡು ಅವರೆ ಬೇಕು.

ಮಾಗಡಿ ಗೌಡ, ಮಧ್ಯಾಹ್ನ 1:20

ಮೂಟೆ ಕಟ್ಟುತ್ತಿದ್ದೇವೆ. ನಾಳೆ ಬೆಳಗ್ಗೆ ತಮ್ಮ ಬೆಂಗಳೂರಿಗೆ ಬರುತ್ತಾನೆ, ನಿಮ್ಮ ಬೀದಿಯ ಮೂಲೆಯಲ್ಲೇ ಇಳಿಸುತ್ತಾನೆ. ಎಷ್ಟು ಕೆಜಿ, ಬೇಗ ಹೇಳಿ.

ಗಾಂಧಿಬಜಾರಿನ ರಾಯರು, ಮಧ್ಯಾಹ್ನ 1:22

ಐದು.

ಮಲ್ಲೇಶ್ವರದ ಮೂಗು, ಮಧ್ಯಾಹ್ನ 1:24

ನನಗೂ ಮೂರು ಇರಲಿ. ಪರೀಕ್ಷೆಗೆ. ಬಿಡಿಸಿ ಕಳಿಸುತ್ತೀರಾ ಗೌಡರೇ?

ಮಾಗಡಿ ಗೌಡ, ಮಧ್ಯಾಹ್ನ 1:25

ಇಲ್ಲ.